‘ಆಯ್ತು’ ಎಂಬ ಕ್ರಿಯಾಪದ: ಪ್ರಾಜೆಕ್ಟ್ ಮ್ಯಾನೇಜರುಗಳಿಗೊಂದು ವ್ಯಾಕರಣ

ಕೇಶಿರಾಜ 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದಾಗ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳನ್ನು ಮಾಡಿದ. ಸೋಮವಾರ ಬೆಳಗಿನ ಮೀಟಿಂಗಿಗೆ ಒಂದು ಪ್ರಕರಣವನ್ನೂ ಮೀಸಲಿಡಲಿಲ್ಲ. ಅವನ ತಪ್ಪಲ್ಲ, ಅವನು ಮನೆ ಕಟ್ಟಿಸಿದ ದಾಖಲೆ ನಮಗೆ ಸಿಕ್ಕಿಲ್ಲ. ಹಲವು ವರ್ಷ ವ್ಯಾಕರಣ ಪಾಠ ಮಾಡಿ, ನಿವೃತ್ತನಾಗಿ, ಬಂದ ಹಣದಲ್ಲಿ ಇದ್ದ ಮನೆಯ ಮೇಲೊಂದು ಅಂತಸ್ತು ಎಬ್ಬಿಸಲು ಹೊರಟ ಈ ಲೇಖಕನಿಗಾದರೋ ಸಂಶೋಧನೆಯ ವಸ್ತುವೂ ರಕ್ತದೊತ್ತಡವೂ ಒಟ್ಟಿಗೇ ಪ್ರಾಪ್ತವಾದವು. ಆ ಕಾರಣ ಈ ಪ್ರಬಂಧ.

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ಪದ್ಧತಿ. ವಿಷಯ: ‘ಆಗು’ ಧಾತು. ಪ್ರಯೋಜನ: ಕೆಲಸ ಮುಗಿಯುವುದು. ಸಂಬಂಧ: ನನ್ನ ತಂಗಿಯ ಮಗ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಅಧಿಕಾರಿ: ಯಾರಿಗೆ ಜವಾಬ್ದಾರಿಯನ್ನು ಪೂರ್ತಿ ಕೊಟ್ಟು ಅಧಿಕಾರವನ್ನು ಕೊಟ್ಟಿಲ್ಲವೋ ಅವನೇ ಈ ಶಾಸ್ತ್ರಕ್ಕೆ ಅಧಿಕಾರಿ.

ಪೂರ್ವಪಕ್ಷವನ್ನು ಅಳಿಯನೇ ಮಂಡಿಸಿದ. “ಮಾವ, ಇದಕ್ಕೆಲ್ಲ ನೂರು ವರ್ಷದ ಹಿಂದೆಯೇ ಉಪಾಯ ಕಂಡುಹಿಡಿದಾಗಿದೆ” ಎಂದು ಲ್ಯಾಪ್‌ಟಾಪ್ ತೆರೆದ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರು 1910ರ ದಶಕದಲ್ಲಿ ಬಳಕೆಗೆ ತಂದ ಅಡ್ಡಪಟ್ಟಿಗಳ ನಕ್ಷೆಯಲ್ಲಿ ನನ್ನ ಮನೆಯನ್ನು ಬಿಡಿಸಿದ. ನೀಲಿ ಪಟ್ಟಿ ಸೆಂಟ್ರಿಂಗ್, ಹಸಿರು ಪಟ್ಟಿ ಕಂಬಿ ಕಟ್ಟುವುದು, ಕೆಂಪು ಪಟ್ಟಿ ಮೋಲ್ಡ್ ಹಾಕುವುದು. ಇಳಕಲ್ ಸೀರೆಯ ಅಂಚಿನಷ್ಟು ಚೆನ್ನಾಗಿತ್ತು. ಆಮೇಲೆ 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ ಪರ್ಟ್ ಎಂಬ ಲೆಕ್ಕ ಹೇಳಿಕೊಟ್ಟ. ಎಲ್ಲ ಸರಿಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು ಎಂದು ಮೂರನ್ನೂ ಕೇಳಬೇಕು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಗಾರೆ ಕೆಲಸಕ್ಕೆ ಮೇಸ್ತ್ರಿ 10, 16, 40 ಎಂದ. ಲೆಕ್ಕ ಹಾಕಿದರೆ ಸರಿಯಾಗಿ 19 ಬಂತು. “ಕರೆಕ್ಟ್ ಸಾರ್” ಎಂದ ಮೇಸ್ತ್ರಿ.

ಮುಗಿದದ್ದು 43ನೆಯ ದಿನ. ಎಲ್ಲ ಕೆಟ್ಟರೂ 40 ಎಂದಿದ್ದೆಯಲ್ಲಪ್ಪಾ ಎಂದು ಕೇಳಿದೆ. “ನಡುವೆ ನಮ್ಮೂರ ಹಬ್ಬ ಬಂತಲ್ಲ ಸಾರ್. ಹಬ್ಬಾನ ಕೆಟ್ಟದ್ದರ ಲೆಕ್ಕಕ್ಕೆ ಸೇರಿಸ್ತಾರಾ?” ಎಂದ. ನೌಕಾಪಡೆಗೆ ಹೊಳೆಯದ ಆಕ್ಷೇಪ ಇದು. ದಿನ ಎಷ್ಟು ಎಂದು ಕೇಳುವ ಮೊದಲು ಊರು ಯಾವುದು ಎಂದು ಕೇಳಿ, ಆ ಊರಿನ ಜಾತ್ರೆಯನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಕೊಳ್ಳತಕ್ಕದ್ದು. ಪೂರ್ವಪಕ್ಷ ಇಲ್ಲಿಗೆ ಖಂಡಿತವಾಯಿತು.

ಈಗ ಸಿದ್ಧಾಂತ. ‘ಆಯಿತು’: ಆಗು ಧಾತು, ಭೂತಕಾಲ, ಪ್ರಥಮ ಪುರುಷ, ನಪುಂಸಕಲಿಂಗ, ಏಕವಚನ, ಅಕರ್ಮಕ. ಇಷ್ಟನ್ನು ಹೈಸ್ಕೂಲು ಹುಡುಗರೂ ಹೇಳುತ್ತಾರೆ. ಆದರೆ ಇದರೊಳಗಿನ ಮೋಸವನ್ನು ವಿದ್ವಾಂಸರು ಗಮನಿಸಿಲ್ಲ. ‘ಕೆಲಸ ಆಯಿತು’ ಎಂಬ ವಾಕ್ಯದಲ್ಲಿ ಕರ್ತೃಪದ ‘ಕೆಲಸ’. ಮನುಷ್ಯನೇ ಇಲ್ಲ. ಕೆಲಸ ತನ್ನಷ್ಟಕ್ಕೆ ತಾನು, ಮಳೆ ಬಂದ ಹಾಗೆ, ಆಗಿಹೋಯಿತು. ಆಗದಿದ್ದರೂ ತನ್ನಷ್ಟಕ್ಕೆ ತಾನೇ ಆಗಲಿಲ್ಲ. ಅಳಿಯನ ಮನೆಯಲ್ಲಿ ತಂಗಿದ್ದಾಗ ಅವನ ಬೆಳಗಿನ ‘ಸ್ಟ್ಯಾಂಡಪ್’ ಅನ್ನು ಪಕ್ಕದ ಕುರ್ಚಿಯಿಂದ ಕೇಳಿಸಿಕೊಂಡೆ. ಶಾಸ್ತ್ರಪ್ರಕಾರ 15 ನಿಮಿಷ ಮೀರಬಾರದ ಸಭೆ ಅದು. ನನ್ನ ಕಾಫಿ ಎರಡು ಸಲ ಆರಿತು. ಹನ್ನೊಂದು ಜನ ಮಾತಾಡಿದರು. ಒಬ್ಬರ ಬಾಯಲ್ಲೂ ‘ಮಾಡಿದೆ’ ಎಂಬ ಸಕರ್ಮಕ ಕ್ರಿಯಾಪದ ಬರಲಿಲ್ಲ.

ಪ್ರದೇಶಭೇದದಿಂದ ಇದು ಆಯ್ತು, ಆತು, ಆತ್ರಿ ಎಂದೆಲ್ಲ ರೂಪ ತಾಳುತ್ತದೆ. ಅರ್ಥದ ಅನಿಶ್ಚಯ ಮಾತ್ರ ಅಖಂಡ ಕರ್ನಾಟಕಕ್ಕೆ ಒಂದೇ. ‘ಆಯ್ತು ಸಾರ್’ ಎಂಬಲ್ಲಿ ಭೂತಕಾಲವೇ ಇಲ್ಲ. ‘ನೀವು ಹೇಳಿದ್ದು ನನ್ನ ಕಿವಿಗೆ ಬಿತ್ತು’ ಎಂಬಷ್ಟೇ ಅದರ ತಾತ್ಪರ್ಯ. ಇದನ್ನು ಶ್ರವಣಾರ್ಥಕವೆಂದು ಕರೆಯೋಣ. ‘ಆಗುತ್ತೆ ಬಿಡಿ’ ಎಂಬುದು ಆಶೀರ್ವಾದ. ‘ಆದೀತು’ ಎಂಬ ಸಂಭಾವನಾರ್ಥಕ ರೂಪ ಒಂದೇ ಪ್ರಾಮಾಣಿಕವಾದದ್ದು. ಅದನ್ನು ಹೇಳುವವರು ಈಗ ಉಳಿದಿಲ್ಲ, ಹೇಳಿದವನಿಗೆ ಗುತ್ತಿಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ‘ಆದಂಗೇ ಸಾರ್’. ಕೇಳಿದವರು ಇದನ್ನು ವರದಿ ಎಂದು ತಿಳಿಯುತ್ತಾರೆ. ಇದು ಅಲಂಕಾರ. ‘ಹಾಗೆ’ ಎಂಬ ಉಪಮಾವಾಚಕ ಎದುರಿಗೇ ನಿಂತಿದೆ: ಮುಖ ಚಂದ್ರನ ಹಾಗೆ, ಕೆಲಸ ಆದ ಹಾಗೆ. ಮುಖ ಚಂದ್ರನಲ್ಲ ಎಂಬುದು ಎಷ್ಟು ಸತ್ಯವೋ ಕೆಲಸ ಆಗಿಲ್ಲ ಎಂಬುದೂ ಅಷ್ಟೇ ಸತ್ಯ. ಈ ಅಲಂಕಾರವನ್ನು ಸಾಫ್ಟ್‌ವೇರ್ ಲೋಕದವರು ಅಂಕಿಗಳಲ್ಲಿ ಹೇಳುತ್ತಾರೆ, ‘ತೊಂಬತ್ತು ಪರ್ಸೆಂಟ್’ ಎಂದು. ಬೆಲ್ ಲ್ಯಾಬ್ಸಿನ ಟಾಮ್ ಕಾರ್ಗಿಲ್ ಎಂಬವರ ಹೆಸರಿನಲ್ಲಿ ಒಂದು ತಮಾಷೆಯ ನಿಯಮವೇ ಇದೆ: ಮೊದಲ 90 ಭಾಗಕ್ಕೆ 90 ಭಾಗ ಕಾಲ ಹಿಡಿಯುತ್ತದೆ, ಉಳಿದ 10 ಭಾಗಕ್ಕೆ ಇನ್ನೊಂದು 90 ಭಾಗ. ನನ್ನ ಮೆಟ್ಟಿಲಿನ ಕಂಬಿಕಟಾಂಜನ ಆರು ವಾರ ‘ಆದಂಗೇ’ ಇತ್ತು. ಇದಕ್ಕೆ ಮದ್ದು ಸೊನ್ನೆ-ನೂರರ ಲೆಕ್ಕ: ಮುಗಿಯುವವರೆಗೆ ಸೊನ್ನೆ, ಮುಗಿದರೆ ನೂರು, ನಡುವೆ ಏನೂ ಇಲ್ಲ. ದುಡ್ಡು ಕೊಡುವುದನ್ನೂ ಈ ಲೆಕ್ಕಕ್ಕೆ ಕಟ್ಟಿದ ಮೇಲೆ ಕಟಾಂಜನ ನಾಲ್ಕು ದಿನಕ್ಕೆ ಬಂತು.

ಇನ್ನು ಕಚೇರಿಗಳಲ್ಲಿ ಬಹಳ ಕೇಳಿಬರುವ ‘ನನ್ನ ಕಡೆಯಿಂದ ಆಯ್ತು’. ಇಲ್ಲಿರುವುದು ಪಂಚಮೀ ವಿಭಕ್ತಿ, ಅದರ ಕಾರಕಾರ್ಥ ಅಪಾದಾನ, ಎಂದರೆ ಅಗಲಿಕೆ. ಪಾಠದ ಪುಸ್ತಕದ ಉದಾಹರಣೆ ನೆನಪಿಸಿಕೊಳ್ಳಿ: ಮರದ ದೆಸೆಯಿಂದ ಎಲೆ ಬಿತ್ತು. ಹಾಗೆಯೇ ಕೆಲಸವೂ ಅವನ ದೆಸೆಯಿಂದ ಬಿತ್ತು. ಯಾರಾದರೂ ಹಿಡಿದರೋ ಇಲ್ಲವೋ ಎಂಬುದು ಮರಕ್ಕೆ ಸಂಬಂಧಿಸಿದ್ದಲ್ಲ. ಮೋಲ್ಡ್ ಹಾಕುವ ಹಿಂದಿನ ದಿನ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ “ಪೈಪಿನದು ಆಯ್ತೇನಪ್ಪ?” ಎಂದೆ. “ನನ್ನ ಕಡೆಯಿಂದ ಆಯ್ತು ಸಾರ್” ಎಂದ. ಕಾಂಕ್ರೀಟ್ ಬಿದ್ದ ಮರುದಿನ ನೋಡಿದರೆ ರೂಮಿನ ಪೈಪುಗಳು ಗೇಟಿನ ಬಳಿ ಇಳಿಸಿದ ಹಾಗೇ ಮಲಗಿದ್ದವು. ಇಳಿಸುವುದು ಅವನ ಕಡೆಯದು, ಮೇಲೆ ಒಯ್ಯುವುದು ಹುಡುಗನ ಕಡೆಯದು, ಹುಡುಗ ಇನ್ನೊಂದು ಸೈಟಿನ ಕಡೆ. ಆ ರೂಮಿನ ಫ್ಯಾನಿನ ವೈರು ಇಂದಿಗೂ ಸೀಲಿಂಗಿನ ಮೇಲೆ ಬಿಳಿ ಪಟ್ಟಿಯಾಗಿ ಹರಿದುಹೋಗಿದೆ. ಮಲಗಿ ನೋಡಿದರೆ ಗ್ಯಾಂಟ್ ನಕ್ಷೆಯ ಹಾಗೇ ಕಾಣುತ್ತದೆ.

ತಡವಾಯಿತೆಂದು ಜನ ಹೆಚ್ಚಿಸುವ ಉಪಾಯವೊಂದಿದೆ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ನಾನು ನಾಲ್ವರನ್ನು ಹೆಚ್ಚಿಗೆ ಕರೆಸಿದೆ. ಹೆಚ್ಚಾದದ್ದು ಟೀ.

ಕೊಂಕಣ ರೈಲ್ವೆಯನ್ನು ಕಟ್ಟಿಸಿದ ಎಂಜಿನಿಯರ್ ಇ. ಶ್ರೀಧರನ್ ಅವರ ಉಪಾಯವನ್ನೂ ಪರೀಕ್ಷಿಸಿದ್ದೇವೆ. 1990ರಲ್ಲಿ ಆರಂಭವಾದ ಕೊಂಕಣ ರೈಲ್ವೆಯ ಕಚೇರಿಗಳಲ್ಲಿ ಇನ್ನೆಷ್ಟು ದಿನ ಉಳಿದಿದೆ ಎಂದು ಹಿಂದಕ್ಕೆ ಎಣಿಸುವ ಗಡಿಯಾರಗಳನ್ನು ಅವರು ಇಡಿಸಿದ್ದರು. ಹೊನ್ನಾವರದ ಬಳಿ ಶರಾವತಿಗೆ ಎರಡು ಕಿಲೋಮೀಟರ್ ಉದ್ದದ ಸೇತುವೆ ಎದ್ದು, 1998ರ ಜನವರಿಯಲ್ಲಿ ಇಡೀ ಮಾರ್ಗ ತೆರೆಯಿತು. ವ್ಯಾಕರಣದ ದೃಷ್ಟಿಯಿಂದ ಆ ಗಡಿಯಾರದ ಗುಣವೆಂದರೆ ಅದು ‘ಆಯ್ತಾ’ ಎಂದು ಕೇಳುವುದೇ ಇಲ್ಲ. ನಾನೂ ಒಂದು ಹಲಗೆಗೆ ಸುಣ್ಣದಲ್ಲಿ ‘60’ ಎಂದು ಬರೆದು ಗೇಟಿಗೆ ತೂಗುಹಾಕಿದೆ. ಅದು ‘57’ ಆದ ದಿನ ಮೇಸ್ತ್ರಿ ಹಲಗೆಯನ್ನು ಇಳಿಸಿ ಅದರ ಮೇಲೆ ಗಾರೆ ಕಲಸಿದ.

ಇಷ್ಟು ದೂರ ಬಂದ ಮೇಲೆ ಒಪ್ಪಿಕೊಳ್ಳಬೇಕಾದದ್ದು: ಈ ಶಾಸ್ತ್ರದ ತಿರುಳನ್ನು ಕಂಡವನು ನಾನಲ್ಲ, ನನ್ನ ಹೆಂಡತಿ. ಬಚ್ಚಲುಮನೆಯ ನೆಲ ಆಯ್ತು, ವಾಟ ಸರಿಯಾಗಿದೆ ಎಂದು ಮೇಸ್ತ್ರಿ ಘೋಷಿಸಿದ ದಿನ ನಾನು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕಿದೆ. ಅದು ಶಬ್ದಪ್ರಮಾಣ. ಅವಳು ಸೆರಗು ಸಿಕ್ಕಿಸಿಕೊಂಡು ಒಂದು ಬಕೆಟ್ ನೀರನ್ನು ಮೂಲೆಯಲ್ಲಿ ಸುರಿದಳು. ನೀರು ಜಾಲರಿಯ ಕಡೆ ಹೋಗದೆ ಬಾಗಿಲು ದಾಟಿ ನನ್ನ ಚಪ್ಪಲಿಯನ್ನು ತೇಲಿಸಿತು. ಸ್ಕ್ರಮ್ ಎಂಬ ಪದ್ಧತಿಯವರು ಕೆಲಸಕ್ಕೆ ಕೈಹಾಕುವ ಮೊದಲೇ ‘ಮುಗಿಯಿತು ಎಂದರೆ ಏನು’ ಎಂದು ಬರೆದಿಟ್ಟುಕೊಳ್ಳುತ್ತಾರಂತೆ. ‘ಡೆಫಿನಿಷನ್ ಆಫ್ ಡನ್’ ಎಂದು ಅದಕ್ಕೆ ಹೆಸರು. ನಮ್ಮ ಮನೆಯಲ್ಲಿ ಅದು ಬಕೆಟ್. ಅಂದಿನಿಂದ ಯಾರೂ ಅವಳೆದುರು ‘ಆಯ್ತು’ ಎನ್ನಲಿಲ್ಲ. ಬಕೆಟ್ ಎಲ್ಲಿದೆ ಎಂದು ನೋಡಿಕೊಂಡು ಮಾತಾಡಿದರು. ಅವಳ ಪ್ರಶ್ನೆಗಳೂ ಸಕರ್ಮಕ: “ಯಾರು ಮಾಡ್ತೀರಿ? ಯಾವತ್ತು ಮುಗಿಸ್ತೀರಿ? ಸಾಮಾನು ಯಾರು ತರ್ತಾರೆ?” ‘ಆಗು’ವನ್ನು ‘ಮಾಡು’ ಆಗಿಸುವುದು, ಅದಕ್ಕೆ ಉಸಿರಾಡುವ ಒಬ್ಬ ಕರ್ತೃವನ್ನೂ ಒಂದು ತಾರೀಕನ್ನೂ ಹಚ್ಚುವುದು: ಅಳಿಯನ ಸರ್ಟಿಫಿಕೇಟಿನ ದಪ್ಪ ಪುಸ್ತಕದಲ್ಲಿರುವುದೂ ಕೊನೆಗೆ ಇದೇ. ಅವನೀಗ ತನ್ನ ಹನ್ನೊಂದು ಜನರಿಗೆ ‘ಆಯ್ತು’ ಪದವನ್ನು ನಿಷೇಧಿಸಿದ್ದಾನೆ. ಅವರು ‘ಡನ್’ ಎನ್ನುತ್ತಿದ್ದಾರೆ.

ಮನೆಯ ಗೃಹಪ್ರವೇಶ ನಡೆಯಿತು. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಮೇಲಿನ ದಕ್ಷಿಣದ ಕಿಟಕಿಗೆ ಮಾತ್ರ ಗಾಜು ಬಂದಿಲ್ಲ. ಹಳೆಯ ಫ್ಲೆಕ್ಸ್ ಕಟ್ಟಿದ್ದೇವೆ, ಮಳೆಗಾಲ ಹತ್ತಿರ ಬಂದಿದೆ. ಓದುಗರಿಗೆ ಗಾಜು ಕೂರಿಸುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಕಳಿಸಿಕೊಡಿ. ‘ಆಗುತ್ತೆ’ ಎನ್ನುವವರು ಬೇಡ.