ಹರಕೆ ನಿಮ್ಮದು, ಬೆಟ್ಟ ಹತ್ತಿದ್ದು ನಾನು

ಅಪ್ಪನ ಕಾಲದ ಸೈಕಲ್ಲಿಗೆ ನಾನೇ ಮೋಟಾರು ಕೂರಿಸಿದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನಿಜ ಹೇಳಬೇಕೆಂದರೆ ಕೂರಿಸಿದ್ದು ಸೈಕಲ್ ಶಾಪಿನ ಅಜ್ಜ; ನಾನು ಟಾರ್ಚ್ ಹಿಡಿದಿದ್ದೆ. ಮೋಟಾರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು, ಬ್ಯಾಟರಿ ಹಳೇ ಲ್ಯಾಪ್‌ಟಾಪುಗಳ ಹೊಟ್ಟೆ ಬಗೆದು ತೆಗೆದದ್ದು, ಕಂಟ್ರೋಲರ್ ಇರುವುದು ಮಗಳ ಟಿಫನ್ ಡಬ್ಬಿಯಲ್ಲಿ. ಮೊನ್ನೆ ಭಾನುವಾರ ಮೈಸೂರಿನ ನಮ್ಮ ಮನೆಯ ಜಗುಲಿಯಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದಾಗ ಮುಂದಿನ ಚಕ್ರದ ನಡುವಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಪತ್ರಿಕೆಗೆ ಬರೆಯುವವನಿಗೆ ಅಷ್ಟು ಸಾಕು.

ನಾನು: ನಮಸ್ಕಾರ. ತಮ್ಮ ಹುಟ್ಟೂರು?

ಮೋಟಾರು: ಚೀನಾ. ಬೆಳೆದದ್ದು ರಟ್ಟಿನ ಡಬ್ಬದಲ್ಲಿ.

ನಾನು: ಕನ್ನಡ ಚೆನ್ನಾಗಿ ಆಡುತ್ತೀರಲ್ಲ!

ಮೋಟಾರು: ನನ್ನನ್ನು ಚಕ್ರಕ್ಕೆ ಹೆಣೆದ ದಿನ ಕಲಿತದ್ದು ಸ್ವಾಮಿ. ನನ್ನ ಸುತ್ತ 36 ತೂತು, ನಿಮ್ಮ ಹಳೇ ರಿಮ್ಮಿನಲ್ಲಿ 32. ಅಜ್ಜ ಮೂರು ಸಲ ಎಣಿಸಿದರು. ಊರೆಲ್ಲ ಹುಡುಕಿ ಬೇರೆ ರಿಮ್ ತಂದಿರಿ. ನನ್ನ ಸೊಂಟ ದಪ್ಪ ನೋಡಿ, ಮಾಮೂಲಿ ಕಡ್ಡಿ ಉದ್ದವಾಯಿತು. ಒಂದೊಂದನ್ನೂ ಕತ್ತರಿಸಿ ಹೊಸದಾಗಿ ಥ್ರೆಡ್ ಹಾಕಬೇಕಾಯಿತು. ಆಗ ನೀವಿಬ್ಬರೂ ಆಡಿದ ಮಾತುಗಳಲ್ಲಿ ಪತ್ರಿಕೆಯಲ್ಲಿ ಹಾಕಬಹುದಾದದ್ದು ‘ಇರಲಿ ಬಿಡಿ’ ಒಂದೇ.

ನಾನು: ಮನೆತನದ ಬಗ್ಗೆ ಎರಡು ಮಾತು?

ಮೋಟಾರು: ಹಳೇ ಮನೆತನ. ಅಮೆರಿಕದ ಓಹಿಯೋ ರಾಜ್ಯದ ಓಗ್ಡನ್ ಬೋಲ್ಟನ್ ಜೂನಿಯರ್ ಎಂಬುವರು ಸೈಕಲ್ಲಿನ ಹಿಂದಿನ ಚಕ್ರದ ಹಬ್ಬಿಗೇ ಮೋಟಾರು ಇಟ್ಟು, 1895ರ ಡಿಸೆಂಬರ್ 31ರಂದು ಪೇಟೆಂಟ್ ಪಡೆದರು. ಬ್ಯಾಟರಿ 10 ವೋಲ್ಟಿನದು, ಎಳೆಯುತ್ತಿದ್ದ ಕರೆಂಟು 100 ಆಂಪಿಯರ್‌ವರೆಗೆ. ನಮ್ಮ ಹಿರಿಯರಿಗೆ ಹಸಿವು ಜಾಸ್ತಿ. ನನಗೆ 36 ವೋಲ್ಟು, ಹತ್ತು ಆಂಪಿಯರ್ ಸಾಕು.

ನಾನು: ಆದರೂ 250 ವಾಟ್ ಕಡಿಮೆಯಾಯಿತು ಅನಿಸುವುದಿಲ್ಲವೇ?

ಮೋಟಾರು: ನಿಮ್ಮ ಅಡುಗೆಮನೆಯ ಮಿಕ್ಸಿಗೆ 750 ವಾಟ್. ಅದರ ಕೆಲಸ ಒಂದು ಬಟ್ಟಲು ಕಾಯಿಚಟ್ನಿ. ನನ್ನ ಕೆಲಸ ನೀವು. ತೂಕ ಹೇಳಿಬಿಡಲೇ?

ನಾನು: ಬೇಡ, ಬೇಡ.

ಮೋಟಾರು: ದೂರೇನಿಲ್ಲ. ನನ್ನ ಹೊಟ್ಟೆಯಲ್ಲಿ ಮೂರು ನೈಲಾನ್ ಹಲ್ಲುಚಕ್ರಗಳಿವೆ. ಒಳಗೆ ನಾನು ನಾಲ್ಕೈದು ಸುತ್ತು ಸುತ್ತಿದರೆ ಹೊರಗೆ ಚಕ್ರ ಒಂದು ಸುತ್ತು. ನಿಮ್ಮ ಮನೆಯ ಹೆಂಗಸರನ್ನು ಕೇಳಿ, ಅರ್ಥವಾಗುತ್ತದೆ. ಓಡಾಟ ಒಳಗಿನವರದು, ಹೆಸರು ಹೊರಗಿನವರಿಗೆ.

ನಾನು: ಸರಿ. ಚಾಮುಂಡಿ ಬೆಟ್ಟದ ದಿನ ಯಾಕೆ ಕೈಕೊಟ್ಟಿರಿ?

ಮೋಟಾರು: ಹರಕೆ ಹೊತ್ತವರು ನೀವು, ಬೆಟ್ಟ ಹತ್ತಿದ್ದು ನಾನು. ಕಾಲಿಗೆ ಜೊತೆಯಾಗಲೆಂದು ಬಂದೆ. ನಿಮ್ಮ ಕಾಲು ಅದೇ ದಿನ ರಾಜೀನಾಮೆ ಕೊಟ್ಟಿತು. ಮೊದಲ ತಿರುವಿನಲ್ಲೇ ಪೆಡಲ್ ಮೇಲೆ ಪಾದ ಇಟ್ಟು ಫೋಟೊ ತೆಗೆಸಿಕೊಳ್ಳುವವರ ಹಾಗೆ ಕೂತುಬಿಟ್ಟಿರಿ. ನಿಮ್ಮ ಚೈನಿಗೂ ನನಗೂ ಸಂಬಂಧವಿಲ್ಲ, ಏರಿಗೊಂದು ಇಳಿಜಾರಿಗೊಂದು ಎಂದು ಗೇರು ಬದಲಿಸುವ ಭಾಗ್ಯವೂ ನನಗಿಲ್ಲ. ಏರಿನಲ್ಲಿ ವೇಗ ಬಿತ್ತೆಂದರೆ ಕರೆಂಟು ಓಟಕ್ಕೆ ಬರುವುದು ಕಡಿಮೆ, ಕಾವಿಗೆ ಹೋಗುವುದೇ ಹೆಚ್ಚು. ತಾಮ್ರದ ಸುರುಳಿಯ ವಾರ್ನಿಶ್ ಸುಟ್ಟ ವಾಸನೆ ಬಂದಾಗ ‘ಯಾರೋ ಕಸ ಸುಡ್ತಿದ್ದಾರೆ’ ಅಂದಿರಿ. ಅದು ನಾನು.

ನಾನು: ಬ್ಯಾಟರಿಯ ಜೊತೆ ಹೊಂದಾಣಿಕೆ ಹೇಗಿದೆ?

ಮೋಟಾರು: ಅದು ಕೂಡುಕುಟುಂಬ. ನಲವತ್ತು ಸೆಲ್ಲು, ಒಂದೊಂದೂ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ನಾಲ್ಕು ನಾಲ್ಕನ್ನು ಗುಂಪು ಮಾಡಿ, ಅಂಥ ಹತ್ತು ಗುಂಪನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟು. ಒಂದು ಗುಂಪು ಸೊರಗಿದರೆ ಇಡೀ ಮನೆ ಮಲಗುತ್ತದೆ. ಯಾರೂ 4.2 ವೋಲ್ಟ್ ಮೀರಿ ತಿನ್ನದಂತೆ, ಯಾರೂ ಪೂರ್ತಿ ಉಪವಾಸ ಬೀಳದಂತೆ ಕಾಯುವ ಯಜಮಾನನಿಗೆ ಬಿಎಂಎಸ್ ಎನ್ನುತ್ತಾರೆ. ನಿಮ್ಮ ಬ್ಯಾಟರಿಯಲ್ಲಿ ಆತನೇ ಇಲ್ಲ.

ನಾನು: ಸ್ವಲ್ಪ ಉಳಿತಾಯವಾಗಲಿ ಅಂತ...

ಮೋಟಾರು: ಸ್ಪಾಟ್ ವೆಲ್ಡಿಂಗ್ ಮಾಡಿಸುವ ಬದಲು ಸೆಲ್ಲಿನ ನೆತ್ತಿಗೆ ಕಾದ ಸಾಲ್ಡರಿಂಗ್ ಐರನ್ ಒತ್ತಿದ್ದೂ ಉಳಿತಾಯವೇ. ಅಂಥದ್ದನ್ನು ರಾತ್ರಿಯಿಡೀ ಮಂಚದ ಪಕ್ಕ ಚಾರ್ಜಿಗೆ ಹಾಕಿ ಗೊರಕೆ ಹೊಡೆಯುತ್ತೀರಲ್ಲ, ಅದಕ್ಕೆ ಮಾತ್ರ ಗುಂಡಿಗೆ ಬೇಕು.

ನಾನು: ಒಂದು ಸಲ ಚಾರ್ಜ್ ಮಾಡಲು ಅರ್ಧ ಯೂನಿಟ್ ಕರೆಂಟೂ ಬೇಡ. ಅದೂ ಗೃಹಜ್ಯೋತಿಯ 200 ಯೂನಿಟ್ಟಿನೊಳಗೇ ಬರುತ್ತದೆ!

ಮೋಟಾರು: ಅಂದರೆ ನಿಮ್ಮನ್ನು ಹೊರುವುದೂ ಸರ್ಕಾರದ ಗ್ಯಾರಂಟಿ ಯೋಜನೆಗೆ ಸೇರಿತು ಅನ್ನಿ.

ನಾನು: ಮುಂದಿನ ತಿಂಗಳು ತಮ್ಮನ್ನು 48 ವೋಲ್ಟಿಗೆ ಏರಿಸೋಣ ಅಂತಿದ್ದೇನೆ. ಬಡ್ತಿ ಅಂದುಕೊಳ್ಳಿ.

ಮೋಟಾರು: ವೋಲ್ಟೇಜು ಏರಿದಷ್ಟೂ ವೇಗ ಏರುತ್ತದೆ. ಗಂಟೆಗೆ 25 ಕಿ.ಮೀ. ಇದ್ದದ್ದು 33ರ ಹತ್ತಿರ ಹೋಗುತ್ತದೆ. ಕೇಂದ್ರದ ನಿಯಮದಲ್ಲಿ ಏನಿದೆ ಗೊತ್ತೇ? ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆ ಇರಬೇಕು, 25 ಕಿ.ಮೀ. ವೇಗಕ್ಕೆ ಅದರ ಕೆಲಸ ಮುಗಿಯಬೇಕು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ಮೀರಬಾರದು. ಆಗ ಮಾತ್ರ ನಾವು ‘ಮೋಟಾರು ವಾಹನ’ವಲ್ಲ. ನನ್ನ ಮೈಮೇಲೆ ಕೆತ್ತಿರುವುದು ಸರಿಯಾಗಿ 250. ಈಗಲೇ ಗೆರೆಯ ಮೇಲೆ ಒಂಟಿಕಾಲಲ್ಲಿ ನಿಂತಿದ್ದೇನೆ. ಗೆರೆ ದಾಟಿಸಿದರೆ ನೋಂದಣಿ, ಲೈಸೆನ್ಸು, ವಿಮೆ ಎಲ್ಲ ಹಿಂದೆಯೇ ಬರುತ್ತವೆ.

ನಾನು: ಯಾರಿಗೆ ಗೊತ್ತಾಗುತ್ತದೆ ಬಿಡಿ!

ಮೋಟಾರು: ಪೊಲೀಸರಿಗೆ ಗೊತ್ತಾಗದೆ ಇರಬಹುದು. ಅಪ್ಪನ ಕಾಲದ ಈ ಕಂಬಿ ಬ್ರೇಕಿಗೆ ಗೊತ್ತಾಗುತ್ತದೆ. ಮಳೆ ಬಂದ ದಿನ ಅದು ಚಕ್ರವನ್ನು ಹಿಡಿಯುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ.

ನಾನು: ಕೊನೆಯದಾಗಿ, ಓದುಗರಿಗೆ ಏನಾದರೂ ಸಂದೇಶ?

ಮೋಟಾರು: ಓದುಗರು ಇರಲಿ, ಮೊದಲು ನೀವು ಕೇಳಿ. ನಾನು ಚಕ್ರವನ್ನು ಮುಂದಕ್ಕೆ ತಳ್ಳುವಾಗ ನನ್ನ ಆಕ್ಸಲ್ ಹಿಂದಕ್ಕೆ ತಿರುಗಲು ಹೆಣಗುತ್ತದೆ. ಅದನ್ನು ಹಿಡಿದಿರುವುದು ಫೋರ್ಕಿನ ತುದಿಯ ಸೀಳು ಮತ್ತು ಎರಡು ನಟ್ಟು, ಅಷ್ಟೇ. ನಟ್ಟು ಸಡಿಲವಾದ ದಿನ ಆಕ್ಸಲ್ ಗಿರ್ರನೆ ತಿರುಗಿ, ತನ್ನ ವೈರು ತಾನೇ ಹರಿದುಕೊಂಡು, ಫೋರ್ಕಿನಿಂದ ಆಚೆ ಬೀಳುತ್ತದೆ. ಮುಂದಿನ ಚಕ್ರ ಹೋದ ಮೇಲೆ ರಸ್ತೆಗೆ ತಾಕುವುದು ನಿಮ್ಮ ಮೂಗು. ಹಾಗಾಗದಿರಲೆಂದೇ ಆಕ್ಸಲ್ಲನ್ನು ಫೋರ್ಕಿಗೆ ಬಿಗಿಯುವ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಟಾರ್ಕ್ ಆರ್ಮ್ ಅಂತ. ನನ್ನ ಜೊತೆ ಅದೇ ಡಬ್ಬದಲ್ಲಿ ಬಂದಿತ್ತು. ಎಲ್ಲಿ?

ನಾನು: ಗ್ಯಾಸ್ ಒಲೆಯ ಕಾಲಿನ ಕೆಳಗೆ ಕೊಟ್ಟಿದ್ದೇನೆ. ಒಲೆ ಅಲುಗಾಡುತ್ತಿತ್ತು.

ಆಮೇಲೆ ಮೋಟಾರು ಬಾಯಿ ಬಿಡಲಿಲ್ಲ.

ಈಗ ಒಲೆಯ ಕೆಳಗೆ ಹಂಚಿನ ಚೂರು ಇದೆ, ಪಟ್ಟಿ ಫೋರ್ಕಿನಲ್ಲಿದೆ. 48 ವೋಲ್ಟಿಗೆಂದು ಎತ್ತಿಟ್ಟ ಹಣದಲ್ಲಿ ಬಿಎಂಎಸ್ ಬಂತು, ಸೆಲ್ಲುಗಳಿಗೆ ಸ್ಪಾಟ್ ವೆಲ್ಡಿಂಗ್ ಆಯಿತು, ನಾಲ್ಕು ಹೊಸ ಬ್ರೇಕ್ ರಬ್ಬರೂ ಬಂದವು. ಸೈಕಲ್ಲು ಮೊದಲಿನಷ್ಟೇ ಓಡುತ್ತಿದೆ. ಈಗ ನಿಲ್ಲುತ್ತದೆ ಕೂಡ.