ಪ್ರೋಸೆಸ್ ಸ್ತಂಭನ ಮೀಮಾಂಸೆ

ಓಡುತ್ತಿರುವ ಪ್ರೋಸೆಸ್ಸನ್ನು ಕೊಲ್ಲದೆ ನಿಲ್ಲಿಸುವ ವಿದ್ಯೆಗೆ ಸ್ತಂಭನವೆಂದು ಹೆಸರು. ಮಾಂತ್ರಿಕರ ಷಟ್ಕರ್ಮಗಳಲ್ಲಿ ಸ್ತಂಭನ ಬೇರೆ, ಮಾರಣ ಬೇರೆ. ಯೂನಿಕ್ಸ್ ಸಂಪ್ರದಾಯವಾದರೋ ಎರಡನ್ನೂ 'ಕಿಲ್' ಎಂಬ ಒಂದೇ ಆಜ್ಞೆಗೆ ವಹಿಸಿದೆ. ಎಬ್ಬಿಸುವುದೂ ಅದೇ ಆಜ್ಞೆ ಎಂದು ಕೇಳಿದ ಶಿಷ್ಯರು ಗುರುಗಳ ಮುಖ ನೋಡುತ್ತಾರೆ.

ಸ್ತಂಭನ ದ್ವಿವಿಧ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಹಿಡಿದು ಝಡ್ ಒತ್ತಿದರೆ ಹೋಗುವ ಸಿಗ್‌ಟಿಎಸ್‌ಟಿಪಿ ಎಂಬ ಸಿಗ್ನಲ್ಲು ಲಘುಸ್ತಂಭನ. 1980ರ 4ಬಿಎಸ್‌ಡಿಯಲ್ಲಿ ಸಿ ಷೆಲ್ ಮೂಲಕ ಬಂದ ಪ್ರಸಾದವಿದು. ಇದು ಬರೀ ವಿನಂತಿ. ಪ್ರೋಗ್ರಾಂ ಒಪ್ಪಿ ನಿಲ್ಲಬಹುದು, ಕಿವಿ ಕೇಳದವರಂತೆ ನಡೆಯಲೂಬಹುದು. ಸಿಗ್‌ಸ್ಟಾಪ್ ಮಹಾಸ್ತಂಭನ. ಇದನ್ನು ಹಿಡಿಯಲು, ತಡೆಯಲು, ಕಡೆಗಣಿಸಲು ಯಾವ ಪ್ರೋಗ್ರಾಮಿಗೂ ಅಧಿಕಾರವಿಲ್ಲ. ಈ ಮರ್ಯಾದೆ ಇದಕ್ಕೂ ನೇರ ಕೊಲ್ಲುವ ಸಿಗ್‌ಕಿಲ್‌ಗೂ ಮಾತ್ರ.

ಪೂರ್ವಪಕ್ಷ: ನಿಂತದ್ದು ನಿದ್ರಿಸುತ್ತಿದೆ ಎನ್ನೋಣವೇ? ಕೂಡದು. 'ಪಿಎಸ್' ಪಟ್ಟಿಯಲ್ಲಿ ನಿದ್ರಿಸುವವರ ಹಣೆಗೆ ಎಸ್, ನಿಂತವರ ಹಣೆಗೆ ಟಿ. ಹಾಗಾದರೆ ಸಂನ್ಯಾಸವೇ? ಅದಂತೂ ಅಲ್ಲವೇ ಅಲ್ಲ. ಅಮಾನತಾದ ನೌಕರ ಕೆಲಸ ಬಿಟ್ಟರೂ ಕ್ವಾರ್ಟರ್ಸ್ ಬಿಡುವುದಿಲ್ಲ ನೋಡಿ, ಹಾಗೆ ಇದು. ವಿಡಿಯೊ ಅರೆಯುತ್ತಿದ್ದ ಎಫ್‌ಎಫ್‌ಎಂಪೆಗ್‌ಗೆ ಸ್ತಂಭನ ಹಾಕಿ: ಲ್ಯಾಪ್‌ಟಾಪಿನ ಫ್ಯಾನು ತಣ್ಣಗಾಗುತ್ತದೆ, ಸಿಪಿಯು ಸೊನ್ನೆಗಿಳಿಯುತ್ತದೆ, ಹಿಡಿದ ಮೆಮೊರಿ, ತೆರೆದ ಫೈಲು ಮಾತ್ರ ಅದರ ಹೆಸರಿನಲ್ಲೇ ಇರುತ್ತವೆ. ಡೌನ್‌ಲೋಡ್ ನಡುವೆ ಈ ಪ್ರಯೋಗ ಮಾಡಿದರೆ ಆಚೆಯ ಸರ್ವರು ಕಾದು ಬೇಸತ್ತು ಸಂಬಂಧ ಕಡಿದುಕೊಳ್ಳುವುದುಂಟು.

ಇದಕ್ಕಿಂತ ಗಹನವಾದದ್ದು ಮರಣಪ್ರಕರಣ. ಸಿಗ್‌ಸ್ಟಾಪ್‌ನಿಂದ ನಿಂತ ಪ್ರೋಸೆಸ್‌ಗೆ ಬೇರೊಂದು ಟರ್ಮಿನಲ್‌ನಿಂದ ಮುಗಿಸು ಎನ್ನುವ ಸಿಗ್‌ಟರ್ಮ್ ಕಳಿಸಿದರೆ ಅದು ಸಾಯುವುದಿಲ್ಲ. ಆಜ್ಞೆ ಬಾಕಿ ಉಳಿಯುತ್ತದೆ. ಸಿಗ್‌ಕಾಂಟ್ ಕೊಟ್ಟು ಎಬ್ಬಿಸಿದೊಡನೆ ಜಾರಿಯಾಗುತ್ತದೆ. ಸಾಯಲಿಕ್ಕೂ ಮೊದಲು ಏಳಬೇಕು! ಸಿಗ್‌ಕಿಲ್‌ಗೆ ಮಾತ್ರ ಈ ಶಿಷ್ಟಾಚಾರವಿಲ್ಲ.

ಉತ್ಥಾಪನ ಸರಳ. 'ಎಫ್‌ಜಿ' ಎಂದರೆ ಎದ್ದು ಕಣ್ಣೆದುರು ನಡೆಯುತ್ತದೆ, 'ಬಿಜಿ' ಎಂದರೆ ಹಿಂದೆ. ಯಾರ್‍ಯಾರು ನಿಂತಿದ್ದಾರೆಂದು 'ಜಾಬ್ಸ್' ಹೇಳುತ್ತದೆ.

ಕೊನೆಗೆ, 'ಕಿಲ್'ಗೆ ಸಿಗ್ನಲ್ಲಿನ ಹೆಸರಿನ ಬದಲು ಸಂಖ್ಯೆ ಕೊಡುವ ಸಂಖ್ಯಾವಾದಿಗಳ ಜಗಳ. ಸಾಮಾನ್ಯ ಪಿಸಿಯ ಲಿನಕ್ಸ್ ಪಂಥದಲ್ಲಿ 19 ಎಂದರೆ ನಿಲ್ಲು, 18 ಎಂದರೆ ನಡೆ. ಮ್ಯಾಕ್ ಪಂಥದಲ್ಲಿ 17 ಎಂದರೆ ನಿಲ್ಲು. 19 ಎಂದರೆ, ಶಾಂತಂ ಪಾಪಂ, ನಡೆ! ಎರಡು ಮತಗಳನ್ನೂ ಪರಾಮರ್ಶಿಸಿ ಈ ಪ್ರಬಂಧಕಾರನು ಕೊಡುವ ತೀರ್ಪು ಇಷ್ಟೆ: ಸಂಖ್ಯೆ ಬೇಡ, 'ಸ್ಟಾಪ್', 'ಕಾಂಟ್' ಎಂದು ಹೆಸರಿಟ್ಟೇ ಟೈಪ್ ಮಾಡಿ.