ಕಾಲುಗುರು ಮತ್ತು ಪಂಚಾಂಗ: ಭಟ್ಕಳ-ಹೊನ್ನಾವರ-ಕುಮಟಾ ಸೀಮೆಯ ನಖಮೀಮಾಂಸೆ

ಶರಾವತಿ, ಅಘನಾಶಿನಿ ನದಿಗಳು ಕಡಲು ಸೇರುವ ಈ ಸೀಮೆಯ ಚರಿತ್ರೆ ಬರೆದವರೆಲ್ಲ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಳುಮೆಣಸಿನ ಬಳಿಯೇ ನಿಂತುಬಿಟ್ಟರು. ಆ ಮೆಣಸಿನ ಮೂಟೆ ಹೊತ್ತವರ ಹೆಬ್ಬೆರಳನ್ನು ಬಗ್ಗಿ ನೋಡಿದ ವಿದ್ವಾಂಸರಿಲ್ಲ. ಅದಕ್ಕಾಗಿ ಈ ಪ್ರಬಂಧ.

ಕಾಲಿನ ಹೆಬ್ಬೆರಳ ಉಗುರಿನ ಮೂಲೆ ಪಕ್ಕದ ಮಾಂಸಕ್ಕೆ ಚುಚ್ಚಿಕೊಂಡು ಒಳಗೊಳಗೇ ಬೆಳೆಯುವುದುಂಟು. ಬೆರಳು ಕೆಂಪಗೆ ಬಾತು ಕೀವು ಕಟ್ಟುತ್ತದೆ; ಹೊದೆದ ಚಾದರ ತಾಗಿದರೂ ಜೀವ ಹೋದಂತಾಗುತ್ತದೆ. ಬಿಗಿ ಬೂಟು, ಬೆವರು, ಏಟು, ಎಲ್ಲಕ್ಕಿಂತ ಹೆಚ್ಚಾಗಿ ಮೂಲೆ ಕೊರೆದು ಉರುಟಾಗಿ ಉಗುರು ತೆಗೆಯುವುದು ಇದಕ್ಕೆ ಕಾರಣ ಎನ್ನುತ್ತಾರೆ ವೈದ್ಯರು. ಸರಿ, ಮನುಷ್ಯ ಮೂಲೆ ಕೊರೆಯುವುದಾದರೂ ಯಾಕೆ? ವೈದ್ಯಶಾಸ್ತ್ರ ಇಲ್ಲಿ ಮೌನ. ನಮ್ಮ ಸಿದ್ಧಾಂತ: ಪಂಚಾಂಗದ ದೆಸೆಯಿಂದ.

ಮಂಗಳವಾರ ಉಗುರು ತೆಗೆಯಬಾರದು. ಶುಕ್ರವಾರ ತೆಗೆದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಶನಿವಾರದ ಮಾತೇ ಬೇಡ. ಅಮಾವಾಸ್ಯೆ, ಏಕಾದಶಿ, ಹುಟ್ಟಿದ ದಿನ ಸಲ್ಲವು. ಉಳಿದ ದಿನಗಳಲ್ಲಿ ಹಗಲು ಪುರಸೊತ್ತಿಲ್ಲ, ಸಂಜೆ ಜಗಲಿಯ ತುದಿಯಲ್ಲಿ ನೇಲ್ ಕಟರ್ ಹಿಡಿದು ಕೂತರೆ ಒಳಗಿನಿಂದ ಅಜ್ಜಿಯ ದನಿ: "ತಮಾ, ದೀಪ ಹಚ್ಚಿದ ಮೇಲೆ ಉಗುರು ತೆಗೆಯಲಾಗ!" ಇದಕ್ಕೆ ಪುರಾಣದ ಆಧಾರವೂ ಗಟ್ಟಿಯಾಗಿದೆ. ನರಸಿಂಹ ಉಗುರು ಬಳಸಿದ್ದು ಮುಸ್ಸಂಜೆಗೆ, ಹೊಸ್ತಿಲ ಮೇಲೆ. ಅಂದು ಮಧ್ಯಾಹ್ನವೇ ತೆಗೆದು ಮುಗಿಸಿದ್ದರೆ ಹಿರಣ್ಯಕಶಿಪು ಉಳಿಯುತ್ತಿದ್ದ, ಯಕ್ಷಗಾನದವರಿಗೆ ಒಂದು ಪ್ರಸಂಗ ಕಡಿಮೆಯಾಗುತ್ತಿತ್ತು.

ಹೀಗೆ ಕಾದು ಕಾದು ಒಂದು ನಿರ್ದೋಷ ಭಾನುವಾರ ಸಿಕ್ಕಿತೆನ್ನಿ. ಇನ್ನೆಂದು ಸಿಗುವುದೋ ಎಂಬ ಭಯದಲ್ಲಿ ಮುಂದಿನ ಎರಡು ತಿಂಗಳಿನದನ್ನೂ ಈಗಲೇ ತೆಗೆದುಬಿಡುತ್ತೇವೆ. ಕಾಲುಗುರು ಬೆಳೆಯುವುದು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್. ಅಷ್ಟು ಉಳಿತಾಯಕ್ಕೆ ಮೂಲೆ ಬಲಿ.

ಭಟ್ಕಳದಲ್ಲಿ ಸಿದ್ಧಾಂತಕ್ಕೆ ತೊಡಕಿದೆ. ಅಲ್ಲಿನ ನವಾಯತರಿಗೆ ಶುಕ್ರವಾರವೇ ಪ್ರಶಸ್ತ, ಜುಮಾ ನಮಾಜಿಗೆ ಮುಂಚೆ. 40 ದಿನ ಮೀರಬಾರದೆಂಬ ಗಡುವು ಬೇರೆ. ಅಂದರೆ ಅಕ್ಕಪಕ್ಕದ ಎರಡು ಮನೆಗೆ ಒಂದೇ ನೇಲ್ ಕಟರ್ ಸಾಕು, ಶುಕ್ರವಾರದ ಮಟ್ಟಿಗಾದರೂ ತಂಟೆ ಬಾರದು. ಅರ್ಥಶಾಸ್ತ್ರದವರು ಇದನ್ನು ಗಮನಿಸಬಹುದು.

ಕುಮಟಾದ ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವವರ ಕಾಲು ನೋಡಿ: ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿವೆ, ಉಗುರಿಗೆ ಆಚೀಚೆ ಧಾರಾಳ ಜಾಗ. ಬರಿಗಾಲಿನವರಿಗೆ ಈ ಬೇನೆ ಅಪರೂಪ. ಅವರ ಮೊಮ್ಮಗನಿಗೆ ಹಾಗಲ್ಲ. ಜೂನಿನ ಮಳೆ, ಕಳೆದ ವರ್ಷದ ಕರಿ ಬೂಟು, ಬೆಳಿಗ್ಗೆ ನೆನೆದು ಸಂಜೆವರೆಗೂ ಆರದ ಸಾಕ್ಸು. ಬಿಳಿಚಿ ಮೆತ್ತಗಾದ ಚರ್ಮಕ್ಕೆ ಉಗುರು ನುಗ್ಗಲು ಎಷ್ಟು ಹೊತ್ತು?

ಪೂರ್ವಪಕ್ಷ: ಉಗುರಿನ ನಡುವೆ ಕಚ್ಚು ಮಾಡಿದರೆ ಅದು ನಡುವಿಗೆ ಕೂಡಿಕೊಂಡು ಮೂಲೆ ಬಿಡುತ್ತದೆ. ಖಂಡನೆ: ಉಗುರು ಬೆಳೆಯುವುದು ಬುಡದಿಂದ, ತುದಿಯಲ್ಲಿ ನೀವು ಮಾಡಿದ ಕಸೂತಿ ಬುಡಕ್ಕೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಸ್ನಾನವಾದ ಮೇಲೆ, ಉಗುರು ಮೆತ್ತಗಿರುವಾಗ, ನೇರ ಅಡ್ಡಕ್ಕೆ ತೆಗೆಯಬೇಕು. ಮೂಲೆ ಚರ್ಮದ ಹೊರಗೆ ಕಾಣುತ್ತಿರಬೇಕು, ಬ್ಲೇಡು ಕೂಡದು, ಬೆರಳಸಂದಿ ಒರೆಸಿಕೊಳ್ಳಬೇಕು. ಕಾಲು ಸಂಜೆಗೆ ತುಸು ಊದುವುದರಿಂದ ಬೂಟನ್ನು ಸಂಜೆಯೇ ಕೊಳ್ಳಬೇಕು. ದೀಪ ಹಚ್ಚಿದ ಮೇಲೆ ಬೂಟು ಕೊಳ್ಳಬಾರದೆಂದು ಯಾವ ಅಜ್ಜಿಯೂ ಹೇಳಿದ್ದಿಲ್ಲ.

ಚಿಕಿತ್ಸಾಭಾಗದಲ್ಲಿ ನಿಂಬೆಹಣ್ಣಿನ ಪ್ರಶ್ನೆಯೊಂದು ಉಳಿದಿದೆ. ಕೈಬೆರಳಿಗೆ ಉಗುರುಸುತ್ತಾದರೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಊರೆಲ್ಲ ತಿರುಗುವುದು ನಮ್ಮ ಪರಂಪರೆ. ಕಾಲಿನ ಹೆಬ್ಬೆರಳಿಗೆ ಗಜನಿಂಬೆಯೇ ಆಗಬೇಕು, ಅದನ್ನು ಹೊಗಿಸುವ ಬೂಟು ಕುಮಟಾ ಪೇಟೆಯಲ್ಲಿ ಇಲ್ಲ. ಸಕ್ಕರೆ ಕಾಯಿಲೆಯವರು ಆ ಹುಡುಕಾಟಕ್ಕೂ ಹೋಗದೆ, ಬೆರಳು ಕೆಂಪಾದ ದಿನವೇ, ಅದು ಶನಿವಾರವಾದರೂ ಸರಿ, ಡಾಕ್ಟರಲ್ಲಿಗೆ ಹೋಗತಕ್ಕದ್ದು.